ಕುಡುಕರೂ ಅಲ್ಲ, ಕುಡಿತ ಬಿಟ್ಟವರೂ ಅಲ್ಲ

ಕುಡಿತದ ಬಗ್ಗೆ ನಮಗೆ ಬುದ್ಧಿ ಹೇಳದವರು ಈ ಸೀಮೆಯಲ್ಲಿ ಯಾರೂ ಉಳಿದಿಲ್ಲ. ತೋಟದ ಸಾವ್ಕಾರರು ಬಟವಾಡೆ ಎಣಿಸಿ ಕೊಡುವಾಗ ಹೇಳಿದ್ದಾರೆ. ರೈಟ್ರು ಚೆಕ್‌ರೋಲಿನಲ್ಲಿ ಹೆಸರು ಹುಡುಕುತ್ತ ಹೇಳಿದ್ದಾರೆ. ಮೇಷ್ಟ್ರು ಇಡೀ ಕ್ಲಾಸಿನ ಎದುರು ಎಬ್ಬಿಸಿ ನಿಲ್ಲಿಸಿ, "ನಿನ್ನೆಯೂ ಹಾಕಿದ್ನಾ ನಿಮ್ಮಪ್ಪ?" ಎಂದು ಕೇಳಿ, ಎಲ್ಲರೂ ನಕ್ಕ ಮೇಲೆ ಹೇಳಿದ್ದಾರೆ. ವೇದಿಕೆ ಸಿಕ್ಕವರು ಹೇಳಿದ್ದಾರೆ, ಮೈಕು ಸಿಕ್ಕವರು ಹೇಳಿದ್ದಾರೆ. ಓಟಿಗೆ ಬಂದವರು ಹಿಂದಿನ ರಾತ್ರಿ ಪ್ಯಾಕೆಟ್ ಹಂಚಿ ಮಾರನೇ ದಿನ ಬೆಳಿಗ್ಗೆ ಬಂದು ಹೇಳಿದ್ದಾರೆ. ಕೊನೆಗೆ ಬಾಟಲಿ ಮಾರುವ ಸರ್ಕಾರ ಕೂಡ ಬಾಟಲಿಯ ಮೇಲೆಯೇ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಹೇಳಿಬಿಟ್ಟಿದೆ, ಇದು ಆರೋಗ್ಯಕ್ಕೆ ಹಾನಿ ಅಂತ.

ಇಷ್ಟು ಬುದ್ಧಿ ಕೇಳಿಸಿಕೊಂಡು ಬೆಳೆದ ನಾವು ಈಗ ವಾರಕ್ಕೊಂದು ಸಂಜೆ, ಬಾಳೆಹೊನ್ನೂರಿನ ಹೊರಗಿನ ಕಾಲೋನಿಯಲ್ಲಿ, ನಮ್ಮ ಆಶ್ರಯ ಮನೆಯ ಜಗಲಿಯಲ್ಲಿ ಕೂತು, ಗಾಜಿನ ಲೋಟದಲ್ಲಿ ಎರಡು ಬೆರಳು ಬೋರ್ಬನ್ ಹಾಕಿಕೊಂಡು ಕುಡಿಯುತ್ತೇವೆ. ಖುಷಿಯಿಂದ ಕುಡಿಯುತ್ತೇವೆ. ಇದನ್ನು ತಪ್ಪೊಪ್ಪಿಗೆ ಅಂತ ಬರೀತಿಲ್ಲ. ಕ್ರಾಂತಿ ಅಂತಲೂ ಬರೀತಿಲ್ಲ. ಆ ಖುಷಿ ನಮ್ಮ ಮನೆಗೆ ಬಂದ ದಾರಿ ಬಹಳ ಉದ್ದ ಇದೆ, ಅದನ್ನು ಹೇಳಬೇಕು ಅನ್ನಿಸ್ತು. ನಾವು ಅಂದರೆ ಇಲ್ಲಿ ಅವ್ವ, ತಮ್ಮ, ಮತ್ತೆ 'ಡಿಗ್ರಿ ಆದವರು' ಅಂತ ಕಾಲೋನಿಯವರು ಬೆರಳು ತೋರಿಸುವ ಈ ಬರೆಯುವ ಕೈ. ಒಬ್ಬರೇ ಇದ್ದಾಗಲೂ ನಾವು ನಾವೇ. ಹತ್ತಡಿ ಲೈನ್ ಮನೆಯಲ್ಲಿ ಏಳು ಜನ ಮಲಗಿ ಬೆಳೆದವರಿಗೆ ಏಕವಚನ ಅಷ್ಟು ಸುಲಭಕ್ಕೆ ನಾಲಿಗೆಗೆ ಬರುವುದಿಲ್ಲ.

ಮೊದಲು ಲೋಟದ ವಿಷಯ. ನಮ್ಮಜ್ಜ ಕಾಫಿ ಕುಡಿದದ್ದು ಗರಟೆಯಲ್ಲಿ. ತೋಟದ ದೊಡ್ಡ ಮನೆಯ ಹಿಂದೆ ಬಚ್ಚಲ ಹತ್ತಿರ ಕೂತರೆ ಮೇಲಿನಿಂದ ಸುರಿಯುತ್ತಿದ್ದರು, ಅಜ್ಜ ಕೆಳಗೆ ತೆಂಗಿನ ಗರಟೆ ಹಿಡಿಯುತ್ತಿದ್ದ. ಕಾಫಿ ನೆಟ್ಟವನು ಅಜ್ಜ. ನೆರಳಿಗೆ ಸಿಲ್ವರ್ ಮರ ಹಾಕಿದವನು ಅಜ್ಜ. ಹಣ್ಣು ಕೊಯ್ದು, ಹೊತ್ತು, ಕಣದಲ್ಲಿ ಕಾಲಾಡಿಸಿ ಒಣಗಿಸಿದವರು ಅಜ್ಜಿ ಮತ್ತು ಅವಳ ಮಕ್ಕಳು. ಆ ಕಾಫಿಯ ಲೋಟ ಮಾತ್ರ ಅವರಿಗೆ ಇರಲಿಲ್ಲ. ಪೇಟೆಯ ಹೋಟೆಲಿನಲ್ಲಿ ಹೊರಗಿನ ಗೂಟಕ್ಕೆ ಸಿಕ್ಕಿಸಿದ್ದ ಲೋಟ ತಾವೇ ತಗೊಂಡು, ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಬರಬೇಕಿತ್ತು. ಈ ಕಥೆಯನ್ನು ಅಜ್ಜ ದುಃಖದಿಂದ ಹೇಳ್ತಿರಲಿಲ್ಲ, ಮಳೆಗಾಲ ಈ ಸಲ ಬೇಗ ಬಂತು ಅನ್ನುವ ಹಾಗೆ ಹೇಳ್ತಿದ್ದ. ಕೇಳುವ ನಮಗೇ ಮೈ ಉರಿಯುತ್ತಿತ್ತು.

ನಮ್ಮೂರಿನ ಹತ್ತಿರ ಸೀಗೋಡಿನಲ್ಲಿ 1925ರಲ್ಲಿ ಮೈಸೂರು ಸರ್ಕಾರ ಶುರು ಮಾಡಿದ ಕಾಫಿ ಸಂಶೋಧನಾ ಕೇಂದ್ರ ಇದೆ. ಬೋರರ್ ಹುಳಕ್ಕೆ, ಎಲೆ ತುಕ್ಕಿಗೆ ಮದ್ದು ಹುಡುಕಿದ ಜಾಗ. ನಮ್ಮವರು ನೂರಾರು ಜನ ಇಂಥ ಜಾಗಗಳಲ್ಲೂ ತೋಟಗಳಲ್ಲೂ ಕೂಲಿ ಮಾಡಿದ್ದಾರೆ. ಕಾಫಿ ಮಂಡಳಿಯಲ್ಲಿ ಕಾಫಿಯ ರುಚಿ ನೋಡುವುದೇ ಉದ್ಯೋಗವಾದ ಜನ ಇದ್ದಾರೆ ಅಂತ ನಮಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಚಮಚದಲ್ಲಿ ತಗೊಂಡು, ಸುರ್ರೆಂದು ಎಳೆದು, ಬಾಯೆಲ್ಲ ಆಡಿಸಿ, ಉಗುಳಿ, ಹುಳಿ ಎಷ್ಟು, ಗಟ್ಟಿ ಎಷ್ಟು, ಘಮ ಎಷ್ಟು ಅಂತ ಅಂಕ ಹಾಕ್ತಾರಂತೆ. ಇದನ್ನು ಅವ್ವನಿಗೆ ಹೇಳಿದಾಗ ಅವಳು ನಂಬಲಿಲ್ಲ. "ಉಗುಳಕ್ಕೆ ಸಂಬಳ ಕೊಡ್ತಾರಾ? ನಾವು ನುಂಗಿದ್ದಕ್ಕೇ ಲೆಕ್ಕ ಕೇಳ್ತಿದ್ರಲ್ಲ ಮಾರಾಯ!" ಅಂದಳು. ನಲವತ್ತು ವರ್ಷ ಕಾಫಿ ಹಣ್ಣು ಕೊಯ್ದ ಕೈ ಅವಳದು. ಆ ತೋಟದ ಒಳ್ಳೇ ಕಾಫಿಯ ರುಚಿ ಅವಳಿಗೆ ಗೊತ್ತಿಲ್ಲ. ಕಣ ಗುಡಿಸುವಾಗ ಮಣ್ಣಲ್ಲಿ ಉಳಿದ ಕಾಳು ಹೆಕ್ಕಿ, ಹುರಿದು, ಕುಟ್ಟಿ, ಬೆಲ್ಲ ಹಾಕಿ ಕಾಯಿಸಿದ್ದೇ ಲೈನಿನ ಕಾಫಿ.

ಹೆಂಡದ ಕಥೆಯೂ ಹೀಗೇ. ಅಜ್ಜ ಅಜ್ಜಿಯ ಕಾಲದಲ್ಲಿ ಬಗನಿ ಕಳ್ಳು ಇತ್ತು. ಅಜ್ಜಿಯೂ ಕುಡೀತಿದ್ದಳು. ಹಬ್ಬಕ್ಕೆ, ಬಾಣಂತನ ಮುಗಿದಾಗ, ಚೌಡಿಗೆ ಕೋಳಿ ಕೊಟ್ಟ ದಿನ, ಗಂಡಸರ ಸಮಕ್ಕೆ ಕೂತು ಕುಡೀತಿದ್ದಳು. ಯಾರೂ ಹುಬ್ಬು ಹಾರಿಸಿದವರಿಲ್ಲ. ಹೆಂಗಸು ಕುಡಿದರೆ ಮಾನ ಹೋಗ್ತದೆ ಅನ್ನುವ ಪಾಠ ಲೈನಿಗೆ ಬಂದದ್ದು ಆಮೇಲೆ, ನಮ್ಮನ್ನು ಉದ್ಧಾರ ಮಾಡಲು ಬಂದವರ ಜೊತೆಗೆ. ಇರಲಿ, ಅದು ಬೇರೆಯೇ ಬರೆಯಬೇಕಾದ ವಿಷಯ.

ಅಪ್ಪನ ಕಾಲಕ್ಕೆ ಕಳ್ಳು ಹೋಗಿ ಸಾರಾಯಿ ಬಂತು. ಅದಕ್ಕೆ ಮರ ಬೇಡ, ಋತು ಬೇಡ. ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ನೀರು ಬೆರೆಸಿ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ತುಂಬಿದರೆ ಆಯ್ತು. ಹರಾಜಿನಲ್ಲಿ ಗುತ್ತಿಗೆ ಹಿಡಿದ ಕಂಟ್ರಾಕ್ಟರು, ಅವನ ಕೆಳಗೆ ಅಂಗಡಿಯವನು, ಅಂಗಡಿಯವನ ಎದುರಿಗೆ ಬಟವಾಡೆಯ ದಿನ ಸಾಲುಗಟ್ಟಿದ ನಮ್ಮ ಅಪ್ಪಂದಿರು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ ಕೂಲಿಯವರಿಗೆ ಮನೆ, ನೀರು, ಔಷಧಿ, ಕೂಸಿನ ಮನೆ ಕೊಡುವ ಮಾತಿನ ಜೊತೆಗೆ ಮನರಂಜನೆಗೂ ಒಂದು ಕಲಮು ಇತ್ತು. ನಾವು ಅದನ್ನು ಕಾಲೇಜಿನ ಲೈಬ್ರರಿಯಲ್ಲಿ ಓದಿ ಗಟ್ಟಿಯಾಗಿ ನಕ್ಕು ಬೈಸಿಕೊಂಡಿದ್ದೇವೆ. ನಮ್ಮ ಲೈನಿಗೆ ಆ ಕಲಮು ಬಂದದ್ದು ಸಾರಾಯಿ ಅಂಗಡಿಯ ರೂಪದಲ್ಲಿ.

ಅಪ್ಪ ಕುಡೀತಿದ್ದ ರೀತಿಯನ್ನು ಬರೆಯಲೇಬೇಕು. ನಿಂತೇ ಕುಡೀತಿದ್ದ. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಉಗುಳಿ, ತಲೆ ಹಿಂದೆ ಮಾಡಿ, ಒಂದೇ ಸಲಕ್ಕೆ ಗಂಟಲಿಗೆ ಹಿಂಡಿಕೊಂಡು, ಮುಖ ಕಿವುಚಿ, ಉಪ್ಪು ನೆಕ್ಕಿ, ಹೊರಟುಬಿಡ್ತಿದ್ದ. ಎಲ್ಲ ಒಂದು ನಿಮಿಷದ ಕೆಲಸ. ರುಚಿ ಅನ್ನುವುದು ಅದರಲ್ಲಿ ಇರಲೇ ಇಲ್ಲ, ರುಚಿ ಗೊತ್ತಾಗದ ಹಾಗೆ ಕುಡಿಯುವುದೇ ಅದರ ಉಪಾಯ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು ದಿನವಿಡೀ ಚರಂಡಿ ತೆಗೆದು, ಕಾಲಿಗೆ ಕಚ್ಚಿದ ಉಂಬಳ ಕಿತ್ತು ಹಾಕಿ, ಸೊಂಟ ಹಿಡಿದುಕೊಂಡು ಬರುವ ಮನುಷ್ಯನಿಗೆ ಬೇಕಾದದ್ದು ನಿದ್ದೆ. ಅದಕ್ಕೆ ಸಾರಾಯಿ ಮದ್ದಿನಂತೆ ಮಾರಿದರು. ನಾವು ಎಂಟು ವರ್ಷದವರಿದ್ದಾಗ ಚಡ್ಡಿ ಜೇಬಲ್ಲಿ ದುಡ್ಡು ಹಾಕಿಸಿಕೊಂಡು ಹೋಗಿ ಪ್ಯಾಕೆಟ್ ತಂದಿದ್ದೇವೆ. ತಣ್ಣಗೆ, ಮೆತ್ತಗೆ, ಕೈಯಲ್ಲಿ ಸತ್ತ ಕಪ್ಪೆ ಹಿಡಿದ ಹಾಗೆ ಇರ್ತಿತ್ತು.

2007ರ ಜುಲೈ 1ಕ್ಕೆ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಲೈನಿನ ಹೆಂಗಸರು ಅವತ್ತು ಪಾಯಸ ಮಾಡಿದ್ದರು. ಆ ಪಾಯಸದ ಸಿಹಿ ನಮ್ಮ ಬಾಯಲ್ಲಿ ಇನ್ನೂ ಇದೆ. ಆದರೆ ಅಂಗಡಿ ಎಲ್ಲಿಗೂ ಹೋಗಲಿಲ್ಲ. ಅದೇ ಕಾಕಂಬಿ ಸ್ಪಿರಿಟ್ಟು ಕಂದು ಬಣ್ಣ ಹಾಕಿಕೊಂಡು, ವಿಸ್ಕಿ ಅಂತ ಹೆಸರಿಟ್ಟುಕೊಂಡು, ತೊಂಬತ್ತು ಎಂಎಲ್ಲಿನ ಟೆಟ್ರಾ ಪ್ಯಾಕಿನಲ್ಲಿ ವಾಪಸು ಬಂತು. ಬೆಲೆ ಮಾತ್ರ ಏರಿತ್ತು. ಕೂಲಿ ಅಷ್ಟು ಏರಿರಲಿಲ್ಲ. ಮೊದಲು ಅಪ್ಪನ ಬಟವಾಡೆಯ ಅರ್ಧ ಹೋಗ್ತಿದ್ದರೆ ಈಗ ಮುಕ್ಕಾಲು ಹೋಯ್ತು. 2016ರಲ್ಲಿ ಅಪ್ಪನೇ ಹೋದ. ಕಣ್ಣು ಹಳದಿಯಾಗಿ, ಹೊಟ್ಟೆಗೆ ನೀರು ತುಂಬಿ, ಜಿಲ್ಲಾಸ್ಪತ್ರೆಗೂ ಮನೆಗೂ ಬಸ್ಸಿನಲ್ಲಿ ಓಡಾಡಿ ಹೋದ. ನಾವಾಗ ಪಿಯುಸಿ.

ಈ ಲೆಕ್ಕವನ್ನೂ ಓದುವವರು ನೋಡಬೇಕು. 2003ರಲ್ಲಿ ಸರ್ಕಾರವೇ ಪಾನೀಯ ನಿಗಮ ಕಟ್ಟಿ ಸಗಟು ವ್ಯಾಪಾರವನ್ನು ಕೈಗೆ ತಗೊಂಡಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟರು. 2023ರಲ್ಲಿ ಎಲ್ಲ ದರ್ಜೆಯ ಮದ್ಯಕ್ಕೂ ಹೆಚ್ಚುವರಿ ಸುಂಕವನ್ನು ಶೇಕಡಾ 20ರಷ್ಟು ಏರಿಸಿದರು. 2024ರಲ್ಲಿ ದುಬಾರಿ ಬಾಟಲಿಗಳ ಸುಂಕ ಮಾತ್ರ ಇಳಿಸಿದರು, ಪಕ್ಕದ ರಾಜ್ಯದಲ್ಲಿ ಅಗ್ಗ ಇದೆ, ಗಿರಾಕಿ ಅಲ್ಲಿಗೆ ಹೋಗ್ತಾನೆ ಅಂತ. ತೊಂಬತ್ತರ ಗಿರಾಕಿ ಎಲ್ಲಿಗೆ ಹೋಗ್ತಾನೆ? ಗಡಿ ದಾಟಲು ಅವನಿಗೆ ಕಾರಿದೆಯಾ? ನಮ್ಮ ಅಪ್ಪಂದಿರ ಪಿತ್ತಕೋಶ ಹಿಂಡಿ ಬೊಕ್ಕಸ ತುಂಬಿದವರು ನಮಗೇ ಕುಡಿತದ ಕೆಡುಕು ಹೇಳುತ್ತಾರೆ. ಕ್ಲಬ್ಬಿನ ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿಸಿ, ಗಾಜಿನ ಲೋಟದಲ್ಲಿ ಮಂಜುಗಡ್ಡೆ ಆಡಿಸುವ ತೋಟದ ಮಾಲೀಕನಿಗೆ ಯಾರಾದರೂ ಬುದ್ಧಿ ಹೇಳಿದ್ದನ್ನು ನಾವು ಈ ತನಕ ಕಂಡಿಲ್ಲ. ಅವನದು ಸಂಜೆಯ ಪದ್ಧತಿ. ನಮ್ಮದು ಚಟ.

ನಮ್ಮ ಚಳವಳಿ ಏನು ಹೇಳಿತ್ತು ಅನ್ನುವುದನ್ನು ಮರೆತು ಮಾತಾಡ್ತಿಲ್ಲ. ನಮ್ಮೂರಿನ ಸೇತುವೆಯ ಕೆಳಗೆ ಹರಿಯುವ ಇದೇ ಭದ್ರೆ ಮುಂದೆ ಲಕ್ಕವಳ್ಳಿಯ ಅಣೆಕಟ್ಟೆ ದಾಟಿ ಭದ್ರಾವತಿಗೆ ಹೋಗುತ್ತಾಳೆ. ಅಲ್ಲೇ 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರಂಥವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಹೆಂಡ ಬೇಡ, ಹೋಬಳಿಗೊಂದು ವಸತಿ ಶಾಲೆ ಬೇಕು ಅಂತ ಸಮಿತಿ ಬೀದಿಗೆ ಇಳಿದಿತ್ತು. ಆ ಕೂಗಿನ ಅನ್ನವನ್ನು ನಾವು ತಿಂದಿದ್ದೇವೆ. ಹಾಸ್ಟೆಲ್ಲು ಇಲ್ಲದಿದ್ದರೆ ನಾವು ಇವತ್ತು ಅದೇ ತೋಟದಲ್ಲಿ ಚಿಗುರು ತೆಗೀತಾ ಇರ್ತಿದ್ದೆವು, ಕವಿತೆಯೂ ಇಲ್ಲ, ಈ ಬರಹವೂ ಇಲ್ಲ. ಹಾಗಾಗಿ ನಮ್ಮ ಜಗಲಿಯ ಸಂಗತಿ ಕಿವಿಗೆ ಬಿದ್ದ ಚಳವಳಿಯ ಹಿರಿಯರೊಬ್ಬರು ಫೋನು ಮಾಡಿ, "ಹೆಂಡ ಬೇಡ ಅಂತ ಲಾಠಿ ಏಟು ತಿಂದವರು ನಾವು ಕಣಯ್ಯ. ಹಾಸ್ಟೆಲ್ ಊಟ ಮಾಡಿ ಓದಿದೋನು ಈಗ ಬಾಟ್ಲಿ ಹಿಡ್ದಿದೀಯಂತೆ?" ಅಂದಾಗ ನಾವು ಎದುರಾಡಲಿಲ್ಲ. ಅವರ ಬೆನ್ನಿನ ಏಟು ನಿಜ. "ಅಣ್ಣಾ, ಒಂದ್ಸಲ ಮನೆಗೆ ಬನ್ನಿ, ಕೂತು ಮಾತಾಡಣ" ಅಂದೆವು. ಬರ್ತೀನಿ ಅಂದಿದ್ದಾರೆ. ಇನ್ನೂ ಬಂದಿಲ್ಲ.

ಬಂದರೆ ಒಂದು ವಿಷಯ ಎತ್ತಬೇಕು ಅಂತಿದ್ದೇವೆ. ಬಾಬಾಸಾಹೇಬರು ಸ್ವತಃ ಕುಡಿದವರಲ್ಲ. ಆದರೆ ಅವರ ಪರಿಶಿಷ್ಟ ಜಾತಿ ಒಕ್ಕೂಟ 1951ರಲ್ಲಿ ಹೊರಡಿಸಿದ ಚುನಾವಣಾ ಪ್ರಣಾಳಿಕೆ ಪಾನನಿಷೇಧ ತೆಗೆಯಬೇಕು ಅಂತ ಕೇಳಿತ್ತು. ದೇಶ ಕಟ್ಟುವ ಕೆಲಸಕ್ಕೆ ದುಡ್ಡು ಬೇಕು, ಅದು ಎಲ್ಲಿಂದ ಬರಬೇಕು ಅನ್ನುವ ಪಟ್ಟಿಯಲ್ಲಿ ಅದೂ ಒಂದು. ಅದಕ್ಕೂ ಮೊದಲೇ ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ನಡೆಯಿರಿ ಅಂತ ಸರ್ಕಾರಗಳಿಗೆ ಹೇಳಿಯಾಗಿತ್ತು. ಅಂದರೆ ಈ ಪ್ರಶ್ನೆ ನಮ್ಮ ಮನೆಯೊಳಗೇ ಎಪ್ಪತ್ತು ವರ್ಷಕ್ಕೂ ಹಿಂದಿನದು, ಒಂದೇ ಉತ್ತರದ್ದಲ್ಲ. ಆರೋಗ್ಯದ ಮಾತಾದರೆ ಅದಕ್ಕೆ ಎದುರು ಮಾತಿಲ್ಲ. ಎಷ್ಟು ಕಡಿಮೆ ಕುಡಿದರೂ ಸುರಕ್ಷಿತ ಅನ್ನುವ ಹಾಗಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಪಿತ್ತಕೋಶಕ್ಕೆ ಜಾತಿ ಗೊತ್ತಿಲ್ಲ, ಬ್ರಾಂಡೂ ಗೊತ್ತಿಲ್ಲ. ಅಪ್ಪನ ಹೊಟ್ಟೆಗೆ ತುಂಬಿದ ನೀರು ಕಂಡವರು ನಾವು, ನಮಗೆ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ನಮ್ಮ ತಕರಾರು ಇರುವುದು ಬೇರೆ ಕಡೆ. ನಮ್ಮ ಜನಕ್ಕೆ ಈ ಸಮಾಜ ಕೊಟ್ಟಿರುವುದು ಎರಡೇ ವೇಷ. ಒಂದು ಕುಡುಕನ ವೇಷ, ಇನ್ನೊಂದು ಕುಡಿತ ಬಿಟ್ಟವನ ವೇಷ. ಚರಂಡಿ ಪಕ್ಕ ಬಿದ್ದರೆ ನಮ್ಮವನು ಅಂತ ಗುರುತು ಹಿಡೀತಾರೆ. ಬಿಟ್ಟು, ಮಾಲೆ ಹಾಕಿಕೊಂಡು ಸಭೆಯಲ್ಲಿ ನಿಂತರೆ ಚಪ್ಪಾಳೆ ಹೊಡೀತಾರೆ. ನಡುವೆ ಒಬ್ಬ ಮನುಷ್ಯ ಇರಬಹುದು, ಅವನು ಸಂಜೆ ತನ್ನ ಮನೆಯಲ್ಲಿ ಕೂತು, ಒಂದು ಲೋಟ ಹಿಡಿದು, ಇದರಲ್ಲಿ ಏನು ರುಚಿ ಇದೆ ಅಂತ ನಿಧಾನಕ್ಕೆ ನೋಡಬಹುದು ಅನ್ನುವುದು ಇವರ ಕಲ್ಪನೆಗೇ ಬರುವುದಿಲ್ಲ. ನಮ್ಮವರ ಕಲ್ಪನೆಗೂ ಬಂದಿರಲಿಲ್ಲ. ನಮ್ಮ ಹಸಿವಿನ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ, ಬರೆಯಬೇಕಿತ್ತು. ನಮ್ಮ ರುಚಿಯ ಬಗ್ಗೆ ಯಾರು ಬರೀತಾರೆ?

ಬೋರ್ಬನ್ ಮೊದಲು ಮನೆಗೆ ಬಂದದ್ದು ತಮ್ಮನ ಕೈಯಲ್ಲಿ. ಅವನು ಒಂದು ಹೋಂಸ್ಟೇಯಲ್ಲಿ ಜೀಪು ಓಡಿಸ್ತಾನೆ. ಬೆಂಗಳೂರಿನಿಂದ ಬಂದವರು ಕುಡಿದು ಕಾಲು ಭಾಗ ಉಳಿಸಿ ಹೋದ ಬಾಟಲಿಯನ್ನು ಹಳೇ ಬನೀನಿನಲ್ಲಿ ಸುತ್ತಿ ತಂದ. ಅವ್ವ ಒಲೆ ಮುಂದೆ ಇದ್ದಳು.

"ಎಂಥದಾ ಅದು?"

"ಬೋರ್ಬನ್ ಅಂತೆ ಕಣವ್ವ."

"ಬೋರ್ಬನ್ ಅಂದ್ರೆ ಬಿಸ್ಕತ್ತಲ್ದನಾ?"

ನಾವು ನಕ್ಕೆವು. ಅವಳು ಬಾಟಲಿ ನೋಡಿದ ಮೇಲೆ ನಗಲಿಲ್ಲ. "ಯಾರು ಕುಡಿದು ಬಿಟ್ಟಿದ್ದು?" ಅಂದಳು. ತಮ್ಮ ಹೇಳಿದ. ಅವ್ವ ಎದ್ದು ಬಾಟಲಿ ಇಸ್ಕೊಂಡು ಹಿತ್ತಲಿಗೆ ಹೋಗಿ ಬಾಳೆ ಬುಡಕ್ಕೆ ಸುರಿದು ಬಂದಳು. ಬೈಯಲಿಲ್ಲ, ಕೂಗಾಡಲಿಲ್ಲ. "ದೊಡ್ಡ ಮನೇಲಿ ಉಳಿದಿದ್ದು ಸೆರಗಲ್ಲಿ ಕಟ್ಕಂಡು ಬಂದು ನಿಮಗೆ ಹಾಕಿದೀನಿ. ಆವಾಗ ಬೇರೆ ಇರ್ಲಿಲ್ಲ. ಈಗ್ಲೂ ಉಳಿದಿದ್ದು ತರಬೇಕನಾ? ಕುಡಿಯದೇ ಆದ್ರೆ ದುಡ್ಡು ಕೊಟ್ಟು ತಂದು ಕುಡೀರಿ" ಅಂದು ಮತ್ತೆ ಒಲೆ ಮುಂದೆ ಕೂತಳು. ಗಂಡನನ್ನು ಕುಡಿತಕ್ಕೆ ಕಳಕೊಂಡ ಹೆಂಗಸು ಈ ಮಾತಾಡಿದ್ದು. ನಾವು ಬಹಳ ದಿನ ಇದನ್ನೇ ಯೋಚಿಸಿದ್ದೇವೆ. ಅವಳಿಗೆ ಕುಡಿತಕ್ಕಿಂತ ಎಂಜಲು ಹೆಚ್ಚು ಸುಡುತ್ತದೆ.

ಆಮೇಲೆ ಚಿಕ್ಕಮಗಳೂರಿನಲ್ಲಿ ಒಂದು ಕವಿಗೋಷ್ಠಿ ಆಯ್ತು. ಪದ್ಯ ಓದಿದ್ದಕ್ಕೆ ಒಂದು ಶಾಲು, ಒಂದು ಫಲಕ, ಕವರಿನಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟರು. ಪದ್ಯಕ್ಕೆ ಬಂದ ಮೊದಲ ದುಡ್ಡು. ಪದ್ಯದಲ್ಲಿ ಇದ್ದದ್ದು ಅಪ್ಪನ ಪ್ಯಾಕೆಟ್ಟೇ. ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ದೊಡ್ಡ ಅಂಗಡಿಗೆ ಹೋಗಿ, ಕವರಿನ ದುಡ್ಡು ಸಾಲದೆ ಕೈಯಿಂದಲೂ ಹಾಕಿ, ಕೆಂಟಕಿಯ ಜಿಮ್ ಬೀಮ್ ಬಾಟಲಿ ಒಂದು ತಗೊಂಡೆವು. ಅಂಗಡಿಯ ಹುಡುಗ ನಮ್ಮನ್ನು ಮೇಲಿಂದ ಕೆಳಗೆ ನೋಡಿ "ಯಾರಿಗೆ ಸಾರ್ ಗಿಫ್ಟಾ?" ಅಂದ. ನಮಗೇ ಅಂದೆವು. ಹೆಚ್ಚುಕಡಿಮೆ ಅವ್ವನ ಒಂದು ವಾರದ ಬಟವಾಡೆಯಷ್ಟು ಬೆಲೆ. ಇದನ್ನು ಮುಚ್ಚಿಡುವುದಿಲ್ಲ. ಒಂದು ಬಾಟಲಿ ನಮಗೆ ಮೂರು ತಿಂಗಳಿಗೂ ಮೇಲೆ ಬಾಳುತ್ತದೆ ಅನ್ನುವುದನ್ನೂ ಸೇರಿಸುತ್ತೇವೆ. ಶಾಲನ್ನು ಅವ್ವ ಮಳೆಗಾಲದಲ್ಲಿ ಹೊದೀತಾಳೆ. ಫಲಕ ಅಕ್ಕಿ ಡಬ್ಬಕ್ಕೆ ಮುಚ್ಚಳ ಆಗಿದೆ.

ಬೋರ್ಬನ್ ಅಂದರೆ ಏನು ಅಂತ ಅವ್ವ ಕೇಳಿದಳು. ನಮಗೆ ಗೊತ್ತಿದ್ದಷ್ಟು ಹೇಳಿದೆವು. ಅರ್ಧಕ್ಕಿಂತ ಹೆಚ್ಚು, ಶೇಕಡಾ 51ರಷ್ಟಾದರೂ, ಮೆಕ್ಕೆಜೋಳ ಇರಬೇಕು. "ದಾವಣಗೆರೆ ಕಡೆ ಕೋಳಿಗೆ ಹಾಕದಾ?" "ಹೌದು, ಅದೇ." ಓಕ್ ಮರದ ಹೊಸ ಪೀಪಾಯಿಯ ಒಳಗನ್ನು ಬೆಂಕಿಯಲ್ಲಿ ಸುಟ್ಟು ಕರಕು ಮಾಡಿ, ಅದರಲ್ಲಿ ತುಂಬಿ ಇಡಬೇಕು. ಬಣ್ಣ ಬೆರೆಸುವ ಹಾಗಿಲ್ಲ, ಇರುವ ಬಣ್ಣವೆಲ್ಲ ಸುಟ್ಟ ಮರದ್ದು. ಒಂದು ಸಲ ಬಳಸಿದ ಪೀಪಾಯಿ ಮತ್ತೆ ಬೋರ್ಬನ್ನಿಗೆ ನಡೆಯುವುದಿಲ್ಲ, ಎಷ್ಟೋ ಪೀಪಾಯಿ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗಿ ಸ್ಕಾಚು ತುಂಬಿಕೊಳ್ಳುತ್ತವೆ. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಇದು ನಮ್ಮ ದೇಶದ್ದೇ ವಿಶೇಷ ಸರಕು ಅಂತ ಠರಾವು ಮಾಡಿತು. ಅವ್ವ ಲೋಟ ಇಸ್ಕೊಂಡು ಮೂಗಿನ ಹತ್ತಿರ ಹಿಡಿದಳು. "ಬೆಲ್ಲ ಕಾಯಿಸೋ ಆಲೆಮನೆ ವಾಸನೆ ಐತೆ. ಹಿಂದಿಂದ ಸುಟ್ಟ ಕಟ್ಟಿಗೆ" ಅಂದಳು. ನಾವು ಬೆಚ್ಚಿದೆವು. ಇಂಗ್ಲಿಷ್ ಪುಸ್ತಕದಲ್ಲಿ ದೊಡ್ಡ ದೊಡ್ಡ ಮಾತಲ್ಲಿ ಹೇಳುವುದನ್ನೇ ಅವಳು ಒಂದು ಉಸಿರಲ್ಲಿ ಹೇಳಿದ್ದಳು. ಅಂಕ ಹಾಕುವ ಕೆಲಸ ಇವಳಿಗೆ ಕೊಟ್ಟಿದ್ದರೆ ಕಾಫಿ ಮಂಡಳಿಗೆ ಏನೂ ನಷ್ಟ ಆಗುತ್ತಿರಲಿಲ್ಲ.

ಆ ಬಾಟಲಿಯ ಹಿಂದಿನ ಕೈಗಳು ಯಾರದು ಅಂತ ಹುಡುಕಿದಾಗ ನಮಗೆ ನಮ್ಮವರೇ ಸಿಕ್ಕರು. ಕೆಂಟಕಿಯ ಭಟ್ಟಿಗಳಲ್ಲಿ ಕಪ್ಪು ಗುಲಾಮರು ದುಡಿದಿದ್ದಾರೆ. ಬಾಟಲಿಯ ಮೇಲೆ ಇರುವುದೆಲ್ಲ ಬಿಳಿಯರ ಹೆಸರು. ಬೋರ್ಬನ್ನು ಕಂಡುಹಿಡಿದದ್ದು ಎಲಿಜಾ ಕ್ರೇಗ್ ಅನ್ನುವ ಪಾದ್ರಿ ಅಂತ ಒಂದು ಕಥೆ ಓಡಾಡುತ್ತದೆ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ, ಆದರೂ ಪಾದ್ರಿಯ ಹೆಸರು ಉಳಿದಿದೆ. ಪಕ್ಕದ ಟೆನ್ನೆಸ್ಸಿಯ ವಿಸ್ಕಿ ಬೋರ್ಬನ್ನಿನ ದಾಯಾದಿ, ಮೇಪಲ್ ಇದ್ದಿಲಿನಲ್ಲಿ ಸೋಸುವುದೊಂದೇ ದೊಡ್ಡ ಫರಕು. ಅಲ್ಲಿ ಲಿಂಚ್‌ಬರ್ಗ್ ಎಂಬ ಊರಿನಲ್ಲಿ ನಿಯರೆಸ್ಟ್ ಗ್ರೀನ್ ಅನ್ನುವ ಗುಲಾಮ ಇದ್ದ. ಭಟ್ಟಿ ಇಳಿಸುವುದರಲ್ಲಿ ಅವನ ಕೈ ಹಿಡಿಯುವವರಿರಲಿಲ್ಲ. ಒಬ್ಬ ಬಿಳಿ ಹುಡುಗನಿಗೆ ಆ ವಿದ್ಯೆ ಕಲಿಸಿದವನು ಅವನು. ಹುಡುಗನ ಹೆಸರು ಜ್ಯಾಕ್ ಡೇನಿಯಲ್. ಆ ಹೆಸರು ಜಗತ್ತಿನ ಎಲ್ಲ ಬಾರಿನಲ್ಲೂ ಇದೆ. ಕಲಿಸಿದವನ ಹೆಸರನ್ನು ಆ ಕಂಪನಿ ಎಲ್ಲರೆದುರು ಒಪ್ಪಿ ಹೇಳಿದ್ದು 2016ರಲ್ಲಿ. ನಮ್ಮ ಅಪ್ಪ ಹೋದ ವರ್ಷ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟಾಗ ಅಮೆರಿಕದ ಆ ಕಪ್ಪು ಜನರಿಂದಲೇ ಹೆಸರು ತಂದದ್ದು. ಪ್ಯಾಂಥರ್ ಹೆಸರು ನಮಗೆ ಬಹಳ ಹಿಂದೆ ಸಿಕ್ಕಿತು. ಭಟ್ಟಿಯವನ ಹೆಸರು ಸಿಗಲು ಇಷ್ಟು ತಡ ಆಯ್ತು. ನಿಯರೆಸ್ಟ್ ಗ್ರೀನನ ಕಥೆಯನ್ನು ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ, "ಅವನಿಗೆ ಕುಡಿಯಕ್ಕೆ ಲೋಟ ಕೊಡ್ತಿದ್ರಂತನಾ?"

ಈಗ ಸಂಜೆಯ ಮಾತು. ಲೈನಿನಲ್ಲಿ ಸಂಜೆ ಅನ್ನುವುದೇ ಇರಲಿಲ್ಲ. ಕೆಲಸ ಇತ್ತು, ಆಮೇಲೆ ಕತ್ತಲೆ ಇತ್ತು. ನಾಲ್ಕೂವರೆಗೆ ತೋಟ ಬಿಟ್ಟರೆ ಅವ್ವನಿಗೆ ಸೌದೆ, ನೀರು, ಒಲೆ. ಅಪ್ಪನಿಗೆ ಅಂಗಡಿ. ಹೊತ್ತು ಮುಳುಗುವುದನ್ನು ಕೂತು ನೋಡುವುದು ಸಾವ್ಕಾರರ ಬಂಗಲೆಯ ಜಗಲಿಗೆ ಮಾತ್ರ ಇದ್ದ ಸೌಕರ್ಯ. ಯಾವ ಹೊತ್ತಿನಲ್ಲಿ ಬೇಕಾದರೂ ಮೇಸ್ತ್ರಿ ಬಂದು ಬಾಗಿಲು ಬಡಿಯಬಹುದಿತ್ತು, ಲಾರಿ ಬಂದಿದೆ, ಮೂಟೆ ಹತ್ತಿಸಬೇಕು ಅಂತ. ಬಾಗಿಲು ನಮ್ಮದಾಗಿರಲಿಲ್ಲ. ಈ ಆಶ್ರಯ ಮನೆಯ ತಗಡು ಸೋರುತ್ತದೆ, ಗೋಡೆಗೆ ಪಾಚಿ ಹತ್ತಿದೆ, ಕರೆಂಟು ಮಳೆ ಕಂಡರೆ ಓಡಿಹೋಗ್ತದೆ. ಬಾಗಿಲು ಮಾತ್ರ ನಮ್ಮದು. ಆರು ಗಂಟೆಯ ಮೇಲೆ ನಮ್ಮನ್ನು ಹೆಸರು ಹಿಡಿದು ಕೂಗುವ ಹಕ್ಕು ಯಾರಿಗೂ ಇಲ್ಲ.

ಅವತ್ತಿನ ದಿನ ನಾವು ಪಾಠ ಮಾಡುವ ಶಾಲೆಯಿಂದ ಬಂದು, ಕೈಕಾಲು ತೊಳೆದು, ಮಠದ ಜಾತ್ರೆಯಲ್ಲಿ ಅವ್ವ ಕೊಂಡ ಆರು ಗಾಜಿನ ಲೋಟದಲ್ಲಿ ಒಂದನ್ನು ಒರೆಸಿ ತೆಗೆಯುತ್ತೇವೆ. ಎರಡು ಬೆರಳು ಬೋರ್ಬನ್ನು, ಅಷ್ಟೇ ನೀರು. ಹುರಿದ ಶೇಂಗಾ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅವ್ವ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂರ್ತಾಳೆ. ಅವಳು ಕುಡಿಯುವುದಿಲ್ಲ. ನದಿಯ ಕಡೆಯಿಂದ ಮಂಜು ಮೇಲೆ ಬರುತ್ತದೆ. ಮೊದಲ ಗುಟುಕಿಗೆ ನಾಲಿಗೆ ಉರಿಯುತ್ತದೆ, ಎರಡನೆಯದಕ್ಕೆ ಸಿಹಿ ಕಾಣುತ್ತದೆ, ಆಮೇಲೆ ಅವ್ವ ಹೇಳಿದ ಸುಟ್ಟ ಕಟ್ಟಿಗೆ. ಲೋಟ ಖಾಲಿಯಾಗಲು ಒಂದು ಗಂಟೆ ಬೇಕು. ಅಪ್ಪನಿಗೆ ಒಂದು ನಿಮಿಷ ಸಾಕಾಗುತ್ತಿತ್ತು ಅನ್ನುವುದು ಪ್ರತಿ ಸಲವೂ ನೆನಪಾಗುತ್ತದೆ. ನೆನಪಾದಾಗ ಗುಟುಕು ಸಿಕ್ಕಿಕೊಳ್ಳುತ್ತದೆ. ಹಾಗಂತ ಲೋಟ ಕೆಳಗಿಟ್ಟು ಏಳುವುದಿಲ್ಲ. ಎರಡನೇ ಲೋಟ ಕೇಳುವುದೂ ಇಲ್ಲ. ಅವ್ವನ ಕಣ್ಣು ಬಾಟಲಿಯ ಗುರುತಿನ ಮೇಲೆ ಇರುತ್ತದೆ ಅನ್ನುವುದು ಬೇರೆ ಮಾತು. ಒಂದು ಸಲ ಕೇಳಿದಳು, "ನಿಮ್ಮಪ್ಪ ಕುಡಿದಿದ್ದು ನಿದ್ದೆಗೆ. ನೀ ಎಂತಕ್ಕೆ ಕುಡಿಯದು?" ಎಚ್ಚರ ಇರೋದಕ್ಕೆ ಅಂತ ಹೇಳಬಹುದಿತ್ತು, ಪದ್ಯದ ಸಾಲಿನ ಹಾಗೆ ಇರುತ್ತಿತ್ತು. ಹೇಳಲಿಲ್ಲ. "ರುಚಿಯಾಗಿದೆ ಅವ್ವ" ಅಂದೆವು. ಅವಳು ಎಲೆಗೆ ಸುಣ್ಣ ಸವರುತ್ತ "ಹ್ಞೂಂ" ಅಂದಳು.

ಮಹಾಲಯ ಅಮಾಸೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡ್ತೇವೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಕೋಳಿ ಸಾರು, ಕಡುಬು, ಬೀಡಿ. ಅಪ್ಪ ಹೋದ ವರ್ಷದಿಂದ ಅವ್ವ ತಾನೇ ಹೋಗಿ, ಸೆರಗು ತಲೆ ಮೇಲೆ ಎಳಕೊಂಡು, ಗಂಡಸರ ನಡುವೆ ನಿಂತು, ಒಂದು ತೊಂಬತ್ತರ ಪ್ಯಾಕೆಟ್ ತಂದು ಅಪ್ಪನ ಎಡೆಗೆ ಇಡುತ್ತಿದ್ದಳು. ಬದುಕಿದ್ದಾಗ ಪ್ಯಾಕೆಟ್ ಕಸಿದು ಒಲೆಗೆ ಹಾಕಿದವಳು. ಹಿಂದಿನ ಅಮಾಸೆಯಲ್ಲಿ ಅಂಗಡಿಗೆ ಹೊರಡಲಿಲ್ಲ. ಎಡೆಗೆ ಎಲೆ ಹಾಸಿ, ನಮ್ಮ ಕಡೆ ತಿರುಗಿ ಅಂದಳು, "ಅವನಿಗೂ ನಿಂದರಲ್ಲೇ ಒಂಚೂರು ಇಡು. ಒಳ್ಳೇದು ಕುಡಿದ ಜೀವ ಅಲ್ಲ."

ಗಾಜಿನ ಲೋಟ ತಂದು ಹಾಕಿದೆವು. ಇಡಲು ಹೋದಾಗ ಕೈ ಹಿಡಿದಳು.

"ನೀರು ಹಾಕು. ಅವನು ನೀರು ಹಾಕ್ತಿರ್ಲಿಲ್ಲ, ಅದಕ್ಕೇ ಹೋದ."

ನೀರು ಹಾಕಿದೆವು. ದೀಪ ಹಚ್ಚಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿಕೊಂಡು ಮೂವರೂ ಹೊರಗೆ ಕೂತೆವು. ಮಳೆ ಹನಿಯುತ್ತಿತ್ತು. ಅರ್ಧ ಗಂಟೆ ಬಿಟ್ಟು ಒಳಗೆ ಹೋದರೆ ಲೋಟ ಇಟ್ಟ ಹಾಗೇ ಇತ್ತು. ಎಡೆಯ ಲೋಟ ಚೆಲ್ಲಬಾರದು ಅಂತ ತಮ್ಮ ಕುಡಿದ.